ಊರು ಹೊತ್ತು ಬಂದವರು

ಕಥೆ ಬರೆಯುವ ಹುಚ್ಚು ಹತ್ತಿಸಿಕೊಂಡ ಹುಡುಗ ಹುಡುಗಿಯರು ನಮ್ಮಲ್ಲಿ ಬಹಳ ಮಂದಿ. ಅವರ ಕಥೆಗಳಲ್ಲಿ ಯಕ್ಷರಿರುತ್ತಾರೆ, ಕಿನ್ನರರಿರುತ್ತಾರೆ. ಇಂಗ್ಲಿಷ್ ಕಾದಂಬರಿ ಓದಿದವರಾದರೆ ಎಲ್ಫ್ ಎಂಬ ಚಿರಾಯು ಜನರಿರುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಶತ್ರು ಬಂದು ಆ ಜನರ ರಾಜ್ಯವನ್ನು ಕಿತ್ತುಕೊಳ್ಳುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಇಡೀ ಜನಾಂಗ ಗಂಟುಮೂಟೆ ಕಟ್ಟಿ ಹೊರಡುತ್ತದೆ. ನಾಲ್ಕನೆಯದರಲ್ಲಿ ಹೊಸ ಕಾಡಿನ ನಡುವೆ ಹೊಸ ಅರಮನೆ ಎದ್ದು ನಿಂತಿರುತ್ತದೆ. ಟೋಲ್ಕಿನ್ನನ ಎಲ್ಫ್‌ಗಳಿಗಾದರೋ ಕಡಲಾಚೆಯ ಪಡುವಣ ನಾಡಿಗೆ ಕರೆದೊಯ್ಯಲು ಹಡಗುಗಳಿದ್ದವು. ಹಡಗಿಲ್ಲದವರ ಗತಿ ಏನು? ಮೂರನೆಯ ಮತ್ತು ನಾಲ್ಕನೆಯ ಅಧ್ಯಾಯಗಳ ನಡುವೆ ಏನೇನು ನಡೆಯುತ್ತದೆ ಎಂಬುದನ್ನು ಈ ಕಥೆಗಳು ಹೇಳುವುದೇ ಇಲ್ಲ. ತಿಳಿಯಬೇಕೆಂದರೆ ದೂರ ಹೋಗಬೇಕಿಲ್ಲ. ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿದರೆ ಸಾಕು.

ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಕಾವೇರಿಯ ಈಚೆ ದಡದ ಕೊಪ್ಪದ ಬಳಿ ಬರುವ ಹೊತ್ತಿಗೆ ಬಸ್ಸಿನಲ್ಲಿ ಕೆಂಗಂದು ಬಣ್ಣದ ನಿಲುವಂಗಿಯ ನಾಲ್ಕಾರು ಭಿಕ್ಷುಗಳಾದರೂ ಇರುತ್ತಾರೆ. ಬೈಲಕುಪ್ಪೆ ಎಂದರೆ ನಿಮ್ಮಲ್ಲಿ ಹಲವರಿಗೆ ಶಾಲಾ ಪ್ರವಾಸದಲ್ಲಿ ನೋಡಿದ ಗೋಲ್ಡನ್ ಟೆಂಪಲ್, ಅದರೊಳಗಿನ ಮೂರು ದೊಡ್ಡ ಮೂರ್ತಿಗಳು, ಹೊರಗೆ ಬಂದು ತಿಂದ ಮೋಮೊ, ಇಷ್ಟೇ. ಅದು ನಾಮ್‌ಡ್ರೋಲಿಂಗ್ ವಿಹಾರ, 1963ರಲ್ಲಿ ಶುರುವಾದದ್ದು; ಚಿನ್ನದ ಬಣ್ಣದ ಆ ಮಂದಿರ ಆದದ್ದು 1999ರಲ್ಲಿ. ಆದರೆ ಮಂದಿರಕ್ಕಿಂತ ಆ ಕಡೆಯ ಜನರ ಬಾಯಲ್ಲಿರುವ ಒಂದು ಪದ ಗಮನಿಸತಕ್ಕದ್ದು. ಟಿಬೆಟನ್ನರ ಹಳ್ಳಿಗಳನ್ನು ಸುತ್ತಲಿನವರು ಇಂದಿಗೂ ‘ಕ್ಯಾಂಪ್’ ಎನ್ನುತ್ತಾರೆ. ಹಳೇ ಕ್ಯಾಂಪ್, ಹೊಸ ಕ್ಯಾಂಪ್, ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್. ಅರವತ್ತು ವರ್ಷ ದಾಟಿದ, ತಾರಸಿ ಮನೆ, ಆಸ್ಪತ್ರೆ, ಶಾಲೆ ಎಲ್ಲ ಇರುವ ಊರು. ಹೆಸರು ಮಾತ್ರ ನಾಳೆಯೇ ಡೇರೆ ಕಿತ್ತು ಹೊರಡುವವರದ್ದು.

ಇವರು ಹೊರಟ ಬಗೆಯನ್ನು ಮೊದಲು ನೋಡೋಣ. ಚೀನಾದ ಸೈನ್ಯ ಪೂರ್ವ ಟಿಬೆಟ್‌ಗೆ ನುಗ್ಗಿದ್ದು 1950ರ ಅಕ್ಟೋಬರಿನಲ್ಲಿ. 1951ರಲ್ಲಿ ಹದಿನೇಳು ಅಂಶಗಳ ಒಪ್ಪಂದವಾಯಿತು. ಆಮೇಲೂ ಎಂಟು ವರ್ಷ ಜನ ಅಲ್ಲೇ ಇದ್ದರು. ಕಥೆ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಶತ್ರು ಗಡಿ ದಾಟಿದ ದಿನವೇ ಯಾರೂ ಮನೆ ಬಿಡುವುದಿಲ್ಲ. ಬೆಳೆ ನಿಂತಿರುತ್ತದೆ, ಚಮರೀಮೃಗ ಗಬ್ಬವಾಗಿರುತ್ತದೆ, ಅಜ್ಜಿಗೆ ನಡೆಯಲಾಗುವುದಿಲ್ಲ. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಜನ ದಂಗೆ ಎದ್ದರು. ಮಾರ್ಚ್ 17ರ ರಾತ್ರಿ ಇಪ್ಪತ್ತಮೂರು ವರ್ಷದ ದಲೈ ಲಾಮಾ ವೇಷ ಬದಲಿಸಿಕೊಂಡು ಅರಮನೆ ಬಿಟ್ಟು, ತಿಂಗಳ ಕೊನೆಗೆ ತವಾಂಗ್ ಕಡೆಯಿಂದ ಭಾರತದ ನೆಲಕ್ಕೆ ಕಾಲಿಟ್ಟರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಆದರೆ ಒಟ್ಟಿಗೆ ಅಲ್ಲ, ಮೆರವಣಿಗೆಯಾಗಿ ಅಲ್ಲ. ಹತ್ತು ಜನ, ಐವತ್ತು ಜನ, ಹಗಲು ಅಡಗಿ ರಾತ್ರಿ ನಡೆದು, ಕೆಲವರು ನೇಪಾಳದ ಮೇಲೆ, ಕೆಲವರು ಭೂತಾನದ ಮೇಲೆ, ಸಿಕ್ಕಿಂನ ಮೇಲೆ ಬಂದರು. ಬಹುಪಾಲು ಮಂದಿಯ ತಲೆಯಲ್ಲಿದ್ದದ್ದು ಒಂದೇ ಲೆಕ್ಕ: ಗಲಾಟೆ ತಣ್ಣಗಾದ ಮೇಲೆ ವಾಪಸು.

ಬಂದವರನ್ನು ಅಸ್ಸಾಮಿನ ಮಿಸ್ಸಾಮಾರಿ ಎಂಬಲ್ಲಿ ಬಿದಿರಿನ ಗುಡಿಸಲುಗಳಲ್ಲಿ ಇಳಿಸಲಾಯಿತು. ಭಿಕ್ಷುಗಳಲ್ಲಿ ಓದು ಮುಂದುವರಿಸಬೇಕಾದವರನ್ನು ಭೂತಾನ ಗಡಿಯ ಬಕ್ಸಾ ಎಂಬ ಹಳೆಯ ಕೋಟೆಗೆ ಕಳುಹಿಸಲಾಯಿತು; ಬ್ರಿಟಿಷರ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಕೂಡಿಹಾಕುತ್ತಿದ್ದ ಜಾಗ ಅದು. ಹದಿಮೂರು ಹದಿನಾಲ್ಕು ಸಾವಿರ ಅಡಿ ಎತ್ತರದ ಒಣ ಚಳಿಯಲ್ಲಿ ಹುಟ್ಟಿ ಬೆಳೆದವರು ಅಸ್ಸಾಮಿನ ಮಳೆಗಾಲಕ್ಕೆ ಸಿಕ್ಕರು. ಉಣ್ಣೆಯ ನಿಲುವಂಗಿ ಬಿಟ್ಟರೆ ಬೇರೆ ಬಟ್ಟೆ ಇರಲಿಲ್ಲ. ಭೇದಿ, ಕ್ಷಯ, ಬಿಸಿಲ ಜ್ವರ. ಗುಂಡಿಗೆ ಸಾಯದೆ ಉಳಿದು ಬಂದವರಲ್ಲಿ ಎಷ್ಟೋ ಜನ ಶಿಬಿರಗಳಲ್ಲಿ ಸತ್ತರು. ತಂಪು ಇರುವ ಕಡೆ ಕಳಿಸಬೇಕೆಂದು ಸಾವಿರಾರು ಮಂದಿಯನ್ನು ಹಿಮಾಲಯದ ತಪ್ಪಲಿನ ರಸ್ತೆ ಕೆಲಸಕ್ಕೆ ಹಚ್ಚಲಾಯಿತು. ನಿನ್ನೆಯ ಜಮೀನುದಾರ, ನಿನ್ನೆಯ ಗುರು, ನಿನ್ನೆಯ ಕುರಿಗಾಹಿ ಮೂವರೂ ಒಂದೇ ಸಾಲಿನಲ್ಲಿ ಕೂತು ಜಲ್ಲಿ ಒಡೆದರು. ರಸ್ತೆ ಬದಿಯ ಡೇರೆಗಳಲ್ಲಿ ಮಕ್ಕಳು ಸೊರಗುತ್ತಿದ್ದುದನ್ನು ನೋಡಿ 1960ರ ಮೇ ತಿಂಗಳಲ್ಲಿ ಐವತ್ತೊಂದು ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರ ಪಾಲನೆಯಲ್ಲಿ ಹಾಗೆ ಶುರುವಾದದ್ದೇ ಇವತ್ತಿನ ಟಿಬೆಟನ್ ಮಕ್ಕಳ ಗ್ರಾಮ.

ಹೀಗೆಯೇ ಬಿಟ್ಟಿದ್ದರೆ ಇವರು ಹಿಮಾಲಯದ ಉದ್ದಕ್ಕೂ ಚದುರಿ, ಇಪ್ಪತ್ತು ವರ್ಷದಲ್ಲಿ ಅಲ್ಲಲ್ಲಿನ ಕೂಲಿಕಾರರೊಳಗೆ ಕರಗಿಹೋಗುತ್ತಿದ್ದರೇನೋ. ಪ್ರಧಾನಿ ನೆಹರೂ ಅವರೂ ದಲೈ ಲಾಮಾ ಅವರೂ ಇದನ್ನು ಬೇಗನೆ ಕಂಡುಕೊಂಡರು. ಜನ ಒಟ್ಟಾಗಿ ಇರಬೇಕು, ಅದಕ್ಕೆ ಒಂದೇ ಕಡೆ ವಿಶಾಲವಾದ ನೆಲ ಬೇಕು. ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ಮುಂದೆ ಬಂದದ್ದು ಆಗಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಮೂರು ಸಾವಿರ ಎಕರೆ. ಟಿಬೆಟನ್ನರು ಈ ಉಪಕಾರಕ್ಕೆ ಎಸ್. ನಿಜಲಿಂಗಪ್ಪನವರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. 2018ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಮಾರಂಭವನ್ನೇ ಮಾಡಿದರು. ಮೊದಲ ತಂಡ ಬಂದ 1960ರ ಕೊನೆಯಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ ಎಂಬುದನ್ನೂ ಸಾಮಾನ್ಯಜ್ಞಾನದ ಪರೀಕ್ಷೆಗೆ ಓದುವವರು ಗುರುತು ಹಾಕಿಕೊಳ್ಳಬಹುದು. ಉಪಕಾರದ ನೆನಪು ಕ್ಯಾಲೆಂಡರಿನ ಲೆಕ್ಕ ಇಡುವುದಿಲ್ಲ.

ಮೂರು ಸಾವಿರ ಎಕರೆ ಎಂದರೆ ಹೊಲವಲ್ಲ, ಕಾಡು. ಬಿದಿರು ಮೆಳೆ, ಮುಳ್ಳು, ಆನೆ, ಹಂದಿ. ಡೇರೆ ಹಾಕಿಕೊಂಡು, ಮರ ಕಡಿದು, ಬೊಡ್ಡೆ ಕಿತ್ತು, ಸುಟ್ಟು ನೆಲ ಮಾಡಬೇಕಿತ್ತು. ಆ ದಿನಗಳಲ್ಲಿ ಇಲ್ಲಿಗೆ ಬಂದಾಗ ಕಂಡ ಹೊಗೆ, ದೂಳು, ಬಿಸಿಲಿಗೆ ಕಪ್ಪಾಗಿ ಬಡಕಲಾದ ತಮ್ಮ ಜನರ ಮುಖಗಳನ್ನು ದಲೈ ಲಾಮಾ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರ ಊಟದ ಮೂಲವಾದ ಬಾರ್ಲಿ ಇಲ್ಲಿನ ನೆಲದ ಬೆಳೆಯಲ್ಲ. ಚಮರೀಮೃಗವಂತೂ ಇಲ್ಲಿ ಬದುಕುವ ಪ್ರಾಣಿಯೇ ಅಲ್ಲ. ಮುಂಗಾರು ಎಂದರೇನು, ಯಾವ ಮಳೆಗೆ ಬಿತ್ತಬೇಕು, ಎತ್ತಿಗೆ ನೊಗ ಹೇಗೆ ಹೂಡಬೇಕು ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಕೊನೆಗೆ ಕೈ ಹಿಡಿದದ್ದು ಮುಸುಕಿನ ಜೋಳ. ಸುತ್ತಲಿನ ಪಿರಿಯಾಪಟ್ಟಣ, ಹುಣಸೂರಿನ ರೈತ ಹೊಗೆಸೊಪ್ಪಿನ ಬ್ಯಾರನ್ ಕಟ್ಟಿಸುತ್ತಿದ್ದಾಗ ಇವರು ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು ರಾತ್ರಿ ಹಂದಿ ಕಾಯುತ್ತಿದ್ದರು. 1968ರಲ್ಲಿ ಟಿಬೆಟನ್ನರ ಪುನರ್ವಸತಿಗೆಂದೇ ಮೈರಾಡ ಸಂಸ್ಥೆ ಹುಟ್ಟಿತು. ಹೆಸರಿನಲ್ಲಿರುವ ‘ಆರ್’ ಅಕ್ಷರವೇ ಪುನರ್ವಸತಿಯದ್ದು. ಆ ಕೆಲಸ ಮುಗಿದ ಮೇಲೆ ಅದೇ ಸಂಸ್ಥೆ ನಮ್ಮ ಹಳ್ಳಿಗಳ ಕಡೆ ತಿರುಗಿ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿತು. ನಿಮ್ಮ ಅಮ್ಮನೋ ದೊಡ್ಡಮ್ಮನೋ ಅಂಥ ಸಂಘದಲ್ಲಿದ್ದರೆ, ಅದರ ಹಿಂದಿನ ಅನುಭವದಲ್ಲಿ ಒಂದಿಷ್ಟು ಟಿಬೆಟನ್ನರ ಕ್ಯಾಂಪಿನದ್ದು.

ಹೊಟ್ಟೆಯ ಪಾಡು ಹೀಗಾಯಿತು. ಉಳಿದದ್ದು? ಲ್ಹಾಸಾದ ಹತ್ತಿರ 1419ರಲ್ಲಿ ಸ್ಥಾಪನೆಯಾದ ಸೆರಾ ಎಂಬ ಮಹಾವಿಹಾರವಿತ್ತು, ಐದು ಸಾವಿರಕ್ಕೂ ಹೆಚ್ಚು ಭಿಕ್ಷುಗಳ ವಿಶ್ವವಿದ್ಯಾಲಯ ಎನ್ನಿ. ಅಲ್ಲಿಂದ ತಪ್ಪಿಸಿಕೊಂಡು ಬಂದವರು ಬಕ್ಸಾದ ಕೋಟೆಯಲ್ಲಿ ಹತ್ತು ವರ್ಷ, ಕ್ಷಯಕ್ಕೆ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತಲೇ ಪಾಠ ಬಿಡಲಿಲ್ಲ. ತರ್ಕ, ವಾದ, ಕಂಠಪಾಠ ಎಲ್ಲ ನಡೆಯಿತು. 1970ರ ಸುಮಾರಿಗೆ ಅವರಲ್ಲಿ ಸುಮಾರು ಮುನ್ನೂರು ಜನ ಬೈಲಕುಪ್ಪೆಗೆ ಬಂದು, ಹಗಲು ಹೊಲ ಉತ್ತು ಸಂಜೆ ಪಾಠ ಮಾಡಿ, ಸೆರಾವನ್ನು ಅದೇ ಹೆಸರಿನಲ್ಲಿ ಮತ್ತೆ ನಿಲ್ಲಿಸಿದರು. ಈಗ ಅಲ್ಲಿ ಸಾವಿರಾರು ಜನ ಓದುತ್ತಾರೆ. ತಾಶಿ ಲುಂಪೋ ವಿಹಾರ ಹಾಗೆಯೇ ಬೈಲಕುಪ್ಪೆಗೆ ಬಂತು. ಡ್ರೆಪುಂಗ್ ಮತ್ತು ಗಂಡೆನ್ ಉತ್ತರ ಕನ್ನಡದ ಮುಂಡಗೋಡಕ್ಕೆ ಹೋದವು. ತಂತ್ರಶಾಸ್ತ್ರದ ಗ್ಯುದ್ಮೆ ವಿಹಾರ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನಿಂತಿತು. ಕಲ್ಲು ಕಂಬ ಅಲ್ಲೇ ಉಳಿದವು; ಹೆಸರು, ಗುರುಪರಂಪರೆ, ಪುಸ್ತಕ, ಪರೀಕ್ಷೆಯ ಕ್ರಮ ಇಷ್ಟನ್ನು ತಲೆಯಲ್ಲೂ ಬೆನ್ನಲ್ಲೂ ಹೊತ್ತು ತಂದರು.

ಶಾಲೆಯ ವಿಷಯದಲ್ಲೂ ಹೀಗೇ. ಮಸೂರಿಯಲ್ಲಿ ಮೊದಲ ಟಿಬೆಟನ್ ಶಾಲೆ 1960ರ ಮಾರ್ಚಿನಲ್ಲೇ ಶುರುವಾಯಿತು, ಎಂದರೆ ಬಂದು ಒಂದು ವರ್ಷ ತುಂಬುವುದರೊಳಗೆ. ತಿನ್ನಲು ಇರಲಿಲ್ಲ, ಶಾಲೆ ಇತ್ತು. 1961ರಲ್ಲಿ ಕೇಂದ್ರ ಸರ್ಕಾರ ಈ ಶಾಲೆಗಳಿಗಾಗಿ ಪ್ರತ್ಯೇಕ ಆಡಳಿತವನ್ನೇ ರಚಿಸಿತು. ಮುಂದೆ ಪ್ರಾಥಮಿಕ ತರಗತಿಗಳಿಗೆ ಟಿಬೆಟನ್ ಭಾಷೆಯನ್ನೇ ಮಾಧ್ಯಮ ಮಾಡಿಕೊಂಡರು. ಇಂಗ್ಲಿಷ್ ಬೇಕಿಲ್ಲವೆಂದಲ್ಲ, ಪರದೇಶದಲ್ಲಿ ಬದುಕಬೇಕಾದ ಅವರಿಗೆ ನಮಗಿಂತ ಹೆಚ್ಚಾಗಿಯೇ ಬೇಕು. ಆದರೂ ಮೊದಲು ತಾಯಿಭಾಷೆ, ಆಮೇಲೆ ಇಂಗ್ಲಿಷ್, ಹಿಂದಿ, ಅಂಗಡಿಯಲ್ಲಿ ವ್ಯವಹಾರಕ್ಕಾಗುವಷ್ಟು ಕನ್ನಡ. ಎಲ್.ಕೆ.ಜಿ. ಸೀಟಿಗಾಗಿ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವ ನಮ್ಮ ತಂದೆತಾಯಿಗಳು ಇದನ್ನು ಒಮ್ಮೆ ಯೋಚಿಸಬಹುದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನೆರೆಹೊರೆಯ ಮಾತಿಲ್ಲದೆ ಈ ಕಥೆ ಪೂರ್ತಿಯಾಗದು. ಸುತ್ತಲಿನ ಹಳ್ಳಿಯವರು ಇವರ ಹೊಲದಲ್ಲಿ ಕೂಲಿ ಮಾಡಿದ್ದಾರೆ, ಇವರ ಕಟ್ಟಡಗಳಿಗೆ ಗಾರೆ ಹಾಕಿದ್ದಾರೆ, ತರಕಾರಿ ಹಾಲು ಮಾರಿದ್ದಾರೆ. ಚಳಿಗಾಲ ಬಂತೆಂದರೆ ಕ್ಯಾಂಪಿನ ಗಂಡಸರು ಹೆಂಗಸರು ಊರೂರಿಗೆ ಹೋಗಿ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಾರೆ. ಅವು ಬಹುಪಾಲು ಲೂಧಿಯಾನದ ಕಾರ್ಖಾನೆಯ ಮಾಲು, ಟಿಬೆಟ್ಟಿನ ಕೈನೇಯ್ಗೆಯಲ್ಲ! ನಮಗೇ ಭೂಮಿ ಇಲ್ಲದಿರುವಾಗ ಹೊರಗಿನವರಿಗೆ ಇಷ್ಟೇ ಎಂಬ ಗೊಣಗಾಟವೂ ಸುತ್ತಮುತ್ತ ಇಲ್ಲದಿಲ್ಲ. ಆ ಗೊಣಗಾಟವನ್ನು ಬರೇ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಇದೇ ತಾಲ್ಲೂಕುಗಳಲ್ಲಿ ಇನ್ನೊಂದು ವಲಸೆ ನಡೆದಿದೆ.

ಗುರುಪುರದ ಟಿಬೆಟನ್ ಕ್ಯಾಂಪು 1972ರ ಸುಮಾರಿಗೆ ಆದದ್ದು. ಅದೇ ಹುಣಸೂರು ತಾಲ್ಲೂಕಿನಲ್ಲಿ ನಾಗಾಪುರ ಎಂಬ ಇನ್ನೊಂದು ಪುನರ್ವಸತಿ ಊರು ಇದೆ. ಅಲ್ಲಿರುವವರು ನಾಗರಹೊಳೆ ಕಾಡಿನೊಳಗಿನ ಹಾಡಿಗಳಿಂದ ಬಂದ ಜೇನುಕುರುಬರು ಮತ್ತಿತರ ಗಿರಿಜನರು. ಟಿಬೆಟನ್ನರು ಬಂದದ್ದು ಎರಡು ಸಾವಿರ ಕಿಲೋಮೀಟರಿಗೂ ಆಚೆಯಿಂದ. ಇವರು ಬಂದದ್ದು ಒಂದು ದಿನದ ನಡಿಗೆಯಷ್ಟು ದೂರದಿಂದ. 1972ರ ವನ್ಯಜೀವಿ ಕಾಯ್ದೆಯ ನಂತರ ಹಾಡಿಗಳನ್ನು ಕಾಡಿನಿಂದ ಹೊರಗೆ ತಳ್ಳುವುದು ಶುರುವಾಯಿತು. ಹೈಕೋರ್ಟಿನ ಸೂಚನೆಯಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿ, ಹೀಗೆ ನಾಗರಹೊಳೆಯಿಂದ ಹೊರಬಿದ್ದ ಕುಟುಂಬಗಳನ್ನು 3,418 ಎಂದು ಲೆಕ್ಕ ಹಾಕಿತು. ನಾಗಾಪುರದಂಥ ಕಡೆ ಮನೆ, ಜಮೀನು ಸಿಕ್ಕವರು ಸ್ವಲ್ಪ ಮಂದಿ. ಉಳಿದವರಲ್ಲಿ ಹೆಚ್ಚಿನವರು ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಿಗೆ, ಕಾಡಂಚಿನ ಜೋಪಡಿಗಳಿಗೆ ಹಂಚಿಹೋದರು.

ದೂರದಿಂದ ಬಂದವರು ಒಂದು ಜನಾಂಗವಾಗಿ ಉಳಿದರು, ಹತ್ತಿರದಿಂದ ಬಂದವರು ಚದುರಿದರು. ಯಾಕೆ? ಟಿಬೆಟನ್ನರ ಪರವಾಗಿ ಮಾತಾಡಲು ಒಬ್ಬ ನಾಯಕರಿದ್ದರು, ಪ್ರಧಾನಿಯ ಎದುರು ಕೂತು ಇಂಥದ್ದು ಬೇಕು ಎನ್ನುವಷ್ಟು ತೂಕದವರು. ಹೊರದೇಶಗಳ ನೆರವು ಹರಿದುಬಂತು. ಒಳಗಿನ ಆಡಳಿತ ಅವರ ಕೈಯಲ್ಲೇ ಇತ್ತು. ಕ್ಯಾಂಪಿಗೊಬ್ಬ ಮುಖಂಡ, ಎಲ್ಲರದ್ದೂ ಸೇರಿ ಒಂದು ಸಹಕಾರ ಸಂಘ. ಜೇನುಕುರುಬರನ್ನಾದರೋ ಜನಾಂಗವೆಂದು ಯಾರೂ ಮಾತಿಗೆ ಕೂರಿಸಲಿಲ್ಲ, ಕುಟುಂಬ ಕುಟುಂಬವಾಗಿ ಎಣಿಸಿದರು. ಇವೆಲ್ಲ ನಿಜ. ಆದರೆ ಇನ್ನೂ ಒಳಗಿನ ಕಾರಣವೊಂದಿದೆ ಎಂದು ನನಗೆ ತೋರುತ್ತದೆ. ಟಿಬೆಟನ್ನರ ದೇವರು ಪುಸ್ತಕದೊಳಗೆ ಕೂತು ಪ್ರಯಾಣ ಮಾಡಬಲ್ಲವನು. ಜೇನುಕುರುಬನ ದೇವರು ಇಂಥ ಮರದ ಕೆಳಗೆ, ಇಂಥ ಹಳ್ಳದ ದಡದಲ್ಲಿ, ತಾತ ಮುತ್ತಾತನನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲಿ ಇರುವವನು. ಅವನನ್ನು ಎತ್ತಿ ಲಾರಿಗೆ ಹಾಕಲು ಬರುವುದಿಲ್ಲ. ವಿದ್ಯೆಯೂ ಹಾಗೆಯೇ. ಯಾವ ಮರದಲ್ಲಿ ಹೆಜ್ಜೇನು ಕಟ್ಟುತ್ತದೆ, ಯಾವ ತಿಂಗಳು ಯಾವ ಗೆಡ್ಡೆ ಬಲಿಯುತ್ತದೆ ಎಂಬುದು ಆ ಕಾಡಿನದ್ದೇ ವಿದ್ಯೆ. ಮೂವತ್ತು ಕಿಲೋಮೀಟರ್ ಈಚೆ ಬಂದರೆ ಅದಕ್ಕೆ ಬೆಲೆ ಇಲ್ಲ. ಮಕ್ಕಳು ಆಶ್ರಮ ಶಾಲೆಗೆ ಸೇರಿದರೆ ಅಲ್ಲಿ ಪಾಠ ಕನ್ನಡದಲ್ಲಿ. ಜೇನುನುಡಿಯ ಪಾಠಪುಸ್ತಕಕ್ಕಾಗಿ ಯಾವ ಪ್ರಧಾನಿಯೂ ಆಡಳಿತ ಮಂಡಳಿ ರಚಿಸಲಿಲ್ಲ. 2025ರ ಮೇ ತಿಂಗಳಲ್ಲಿ ಸುಮಾರು ಐವತ್ತು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಹಿಂತಿರುಗಿ ಹೋಗಿ, ಇದು ನಮ್ಮ ಹಾಡಿ ಎಂದು ಗುಡಿಸಲು ಹಾಕಿದಾಗ ಅವರು ಮುಂದಿಟ್ಟದ್ದು ಅರಣ್ಯ ಹಕ್ಕು ಕಾಯ್ದೆಯನ್ನು, ಜೊತೆಗೆ ತಮ್ಮ ಹಿರಿಯರ ಸಮಾಧಿಗಳನ್ನು.

ಹಾಗೆ ನೋಡಿದರೆ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಕೂತಲ್ಲೇ ಇದ್ದವರು ಯಾರು? ಎಚ್.ಡಿ. ಕೋಟೆಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಹಳ್ಳಿಗಳು, ಹಾಡಿಗಳು ನೀರಿನಡಿ ಹೋದವು. ಈಗ ಆ ಹಿನ್ನೀರಿನ ದಡದಲ್ಲಿ ರೆಸಾರ್ಟುಗಳಿವೆ. ಕೆ.ಆರ್. ನಗರ ಎನ್ನುವುದೇ ಕಾವೇರಿ ದಂಡೆಯ ಎಡತೊರೆಯಿಂದ ಎದ್ದು ಬಂದ ಊರು. ಇನ್ನೂ ಹಿಂದಕ್ಕೆ ಹೋದರೆ, ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ಭದ್ರಬಾಹು ಮುನಿಗಳು ತಿಳಿಸಿದಾಗ ಜೈನ ಸಂಘ ನಡೆದು ಬಂದದ್ದು ಪುನ್ನಾಟಕ್ಕೆ ಎಂದು ಹರಿಷೇಣನ ಬೃಹತ್ಕಥಾಕೋಶ ಹೇಳುತ್ತದೆ. ಆ ಪುನ್ನಾಟದ ರಾಜಧಾನಿ ಎಚ್.ಡಿ. ಕೋಟೆ ತಾಲ್ಲೂಕಿನ ಕಿತ್ತೂರು. ಪುಸ್ತಕ ಹೊತ್ತು ಬಂದ ಸನ್ಯಾಸಿಗಳು ಈ ಸೀಮೆಗೆ ಹೊಸಬರಲ್ಲ.

ಮತ್ತೆ ಬೈಲಕುಪ್ಪೆಗೆ ಬರೋಣ. ಅಲ್ಲಿ ಎಲ್ಲ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ನೆಲ ಇಂದಿಗೂ ಅವರ ಸ್ವಂತದ್ದಲ್ಲ. 2014ರ ಪುನರ್ವಸತಿ ನೀತಿಯಲ್ಲಿ ಗುತ್ತಿಗೆ ಪತ್ರದ ಏರ್ಪಾಡಾಯಿತು, ಅದೂ ಇಪ್ಪತ್ತು ವರ್ಷಕ್ಕೆ. ನೋಂದಣಿ ಪತ್ರ ನವೀಕರಿಸಿಕೊಳ್ಳುತ್ತಿರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೇ. ಕರ್ನಾಟಕ ಹೈಕೋರ್ಟು 2013ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ಪ್ರಜೆಯಾಗಲು ಅರ್ಜಿ ಹಾಕಬೇಕೇ ಬೇಡವೇ ಎಂಬುದು ಮನೆಮನೆಯ ಚರ್ಚೆ. ಹಾಕಿದರೆ ಪಾಸ್‌ಪೋರ್ಟು, ನೌಕರಿ, ಸ್ವಂತ ನಿವೇಶನ. ಹಾಕದಿದ್ದರೆ, ನಾವು ವಾಪಸು ಹೋಗುವವರು ಎಂಬ ಮಾತಿಗೆ ನಿಂತಂತೆ. ಅಜ್ಜನಿಗೆ ಇದು ನಿಷ್ಠೆಯ ಪ್ರಶ್ನೆ. ನರ್ಸಿಂಗ್ ಓದಿದ ಮೊಮ್ಮಗಳಿಗೆ ಸಂಬಳದ ಪ್ರಶ್ನೆ. ಇಬ್ಬರೂ ತಪ್ಪಲ್ಲ.

ಮೊಮ್ಮಕ್ಕಳು ಹೊರಡುತ್ತಿದ್ದಾರೆ. 1990ರ ಕಾನೂನಿನಲ್ಲಿ ಅಮೆರಿಕ ಸಾವಿರ ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಅವರ ಹಿಂದೆ ಹೆಂಡಿರು ಮಕ್ಕಳು ಹೋದರು, ನಂಟರು ಹೋದರು. ಕೆನಡಾ, ಯುರೋಪು ಎಂದು ಆ ಸಾಲು ನಿಂತಿಲ್ಲ. ಕಾಡು ಕಡಿದು ಮಾಡಿದ ಹೊಲವನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟು, ಮಕ್ಕಳು ಕಳಿಸುವ ಹಣದಲ್ಲಿ ವಯಸ್ಸಾದವರು ಮಣಿ ತಿರುಗಿಸುತ್ತ ಕೂತಿದ್ದಾರೆ. ವಿಹಾರಗಳು ತುಂಬಿವೆ, ಆದರೆ ಹೊಸದಾಗಿ ಸೇರುವ ಹುಡುಗರಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನದವರು ಹೆಚ್ಚುತ್ತಿದ್ದಾರೆ. ಗುಂಡಿಗೂ ಕ್ಷಯಕ್ಕೂ ಆನೆಗೂ ಚದುರದೆ ಉಳಿದ ಜನ ಈಗ ಒಳ್ಳೆಯ ಸಂಬಳಕ್ಕೆ ಚದುರುತ್ತಿದ್ದಾರೆ. ನಮ್ಮ ಹುಣಸೂರು, ಕೆ.ಆರ್. ನಗರದ ಮನೆಗಳಲ್ಲೂ ಮಗ ಬೆಂಗಳೂರಿನಲ್ಲಿ, ಮಗಳು ಡಲ್ಲಾಸ್‌ನಲ್ಲಿ ಎನ್ನುವವರಿಗೆ ಈ ಸುದ್ದಿ ಅಪರಿಚಿತವೇನಲ್ಲ. ಅವರಿಗೆ ಮಾತ್ರ ಹಿಂತಿರುಗಿ ನೋಡಲು ಇನ್ನೊಂದು ಊರಿಲ್ಲ.

ಕಥೆ ಬರೆಯುವ ವಿದ್ಯಾರ್ಥಿ ಮಿತ್ರರು ಒಂದು ಭಾನುವಾರ ಬಿಡುವು ಮಾಡಿಕೊಂಡು ಗೋಲ್ಡನ್ ಟೆಂಪಲ್ಲಿನಿಂದ ಮುಂದಕ್ಕೆ, ಹಳೇ ಕ್ಯಾಂಪಿನ ಕಡೆ ನಡೆದು ಹೋಗಿ. ವಿದೇಶಿಯರಿಗೆ ಅಲ್ಲಿ ಉಳಿಯಲು ಪರವಾನಗಿ ಬೇಕು, ನಮಗೆ ಬೇಡ. ಜಗಲಿಯ ಮೇಲೆ ಕೂತ ಹಿರಿಯರಿಗೆ ಕನ್ನಡ ಬರುತ್ತದೆ, ವ್ಯಾಪಾರದ ಕನ್ನಡ, ಸಾಕಾಗುತ್ತದೆ. ಹೊರಟ ದಿನ ಮನೆಯಿಂದ ಏನು ತಂದಿರಿ, ಏನು ಬಿಟ್ಟು ಬಂದಿರಿ ಎಂದು ಕೇಳಿ. ಅಲ್ಲಿಂದ ಬರುವಾಗ ಹುಣಸೂರಿನಲ್ಲಿ ಇಳಿದು, ಇನ್ನೊಂದು ಭಾನುವಾರ ನಾಗಾಪುರದಲ್ಲೂ ಅದೇ ಎರಡು ಪ್ರಶ್ನೆ ಕೇಳಿ. ತಡ ಮಾಡಬೇಡಿ. 1960ರಲ್ಲಿ ಹತ್ತು ವರ್ಷದವರಾಗಿ ಅಪ್ಪನ ಕೈ ಹಿಡಿದು ಬೈಲಕುಪ್ಪೆಗೆ ಬಂದವರಿಗೆ ಈಗ ಎಪ್ಪತ್ತೈದು ದಾಟಿದೆ.